ಅಕ್ಕ ಶಾಲೆಗೆ ಹೋದರೆ ಕೂಸನ್ನು ಯಾರು ನೋಡಿಕೊಳ್ಳಬೇಕು? ಕೊಪ್ಪಳ ಜಿಲ್ಲೆಯ ಒಂದು ಮನೆಯ ಪ್ರಕರಣ

ಈ ಪ್ರಕರಣ ಶುರುವಾದದ್ದು ಶಾಲೆಯ ಹಾಜರಿ ಪುಸ್ತಕದಿಂದ. ಕೊಪ್ಪಳ ಜಿಲ್ಲೆಯ ಒಣಬೇಸಾಯದ ಒಂದು ಹಳ್ಳಿ, 2024ರ ಜುಲೈ. ಏಳನೇ ತರಗತಿಯ ಒಬ್ಬ ಹುಡುಗಿ ವಾರಕ್ಕೆ ಎರಡು ದಿನ ಬರುತ್ತಾಳೆ, ಉಳಿದ ದಿನ ಇರುವುದಿಲ್ಲ. ಬಂದ ದಿನ ಚೆನ್ನಾಗಿಯೇ ಓದುತ್ತಾಳೆ. ಶಾಲೆಯವರು ಮನೆಗೆ ಹೋಗಿ ತಾಯಿಗೆ ಬುದ್ಧಿ ಹೇಳಿ ಬಂದಿದ್ದರು, ಆ ತಾಯಿ "ಹೂಂ ರೀ, ಕಳಸ್ತೀನಿ" ಅಂದಿದ್ದರು, ಮರುವಾರ ಮತ್ತೆ ಅದೇ ಕಥೆ. ಇಂಥ ಮಕ್ಕಳು ಶಾಲೆ ಬಿಟ್ಟವರ ಲೆಕ್ಕಕ್ಕೂ ಬರುವುದಿಲ್ಲ. ಸತತವಾಗಿ ಗೈರಾದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ, ನಡುನಡುವೆ ಮುಖ ತೋರಿಸಿ ಹೋಗುವ ಮಗುವನ್ನು ಯಾರೂ ಹುಡುಕುವುದಿಲ್ಲ.

ಆ ಭಾಗದಲ್ಲಿ ಮಕ್ಕಳ ವಿಷಯದಲ್ಲಿ ಕೆಲಸ ಮಾಡುವ ಸಣ್ಣ ಗುಂಪು ನಮ್ಮದು. ಮನೆಯವರ ಹೆಸರು, ಊರಿನ ಹೆಸರು ಇಲ್ಲಿ ಹಾಕುವುದಿಲ್ಲ. ಆದರೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ಬೇರೆ ಪಂಚಾಯಿತಿಗಳಿಗೂ ಉಪಯೋಗವಾಗುವ ವಿಷಯ ಇದೆ.

ಮನೆಯಲ್ಲಿ ಐದು ಜನ. ತಾಯಿ, ಅತ್ತೆ, ಮೂವರು ಮಕ್ಕಳು. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ದುಡ್ಡು ಕಳಿಸುತ್ತಾರೆ, ಆದರೆ ಪ್ರತಿ ತಿಂಗಳೂ ಬರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬರುತ್ತದೆ, ಅದರಲ್ಲಿ ಮನೆಯ ಸಂತೆ ನಡೆಯುತ್ತದೆ. ದೊಡ್ಡವಳು ಈ ಹುಡುಗಿ, ಹನ್ನೆರಡು ವರ್ಷ. ನಡುವಿನವನು ನಾಲ್ಕು ವರ್ಷದವನು, ಅಂಗನವಾಡಿಗೆ ಹೋಗುತ್ತಾನೆ. ಕೊನೆಯದು ಹದಿನಾಲ್ಕು ತಿಂಗಳ ಗಂಡು ಕೂಸು, ಆಗತಾನೆ ಹೆಜ್ಜೆ ಹಾಕಲು ಕಲಿಯುತ್ತಿತ್ತು.

ಹುಡುಗಿಯನ್ನು ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದಾಗ ಆ ತಾಯಿ ಹೇಳಿದ್ದು ಇಷ್ಟು: "ಅಕ್ಕಾರ, ಹುಡುಗಿ ಸಾಲಿಗಿ ಹೋಗಬೇಕನ್ನೋದು ನನಗೂ ಐತ್ರಿ. ಕೂಸನ್ನ ಎಲ್ಲಿ ಬಿಡ್ಲಿ? ಬದುವಿನ ಮ್ಯಾಲ ಮಲಗಿಸಿ ಕಳೆ ತೆಗೀಲೇನ್ರಿ? ಮೊನ್ನಿ ಹಾವು ಬಂದಿತ್ತು."

ಇದರಲ್ಲಿ ತಿಳುವಳಿಕೆಯ ಕೊರತೆ ಎಲ್ಲಿದೆ ಹೇಳಿ. ಆ ಊರಿನಲ್ಲಿ ಕಳೆ ಕೆಲಸಕ್ಕೆ ಹೆಣ್ಣಾಳಿಗೆ ಸಿಗುತ್ತಿದ್ದದ್ದು 250 ರೂಪಾಯಿಯ ಆಸುಪಾಸು. ಅತ್ತೆಗೆ ಕೂಸಿನ ಹಿಂದೆ ಓಡಲು ಕಣ್ಣು ಸಾಲದು. ಹಾಗಾಗಿ ಮಗಳು ಶಾಲೆಗೆ ಹೋದ ದಿನ ತಾಯಿ ಮನೆಯಲ್ಲಿ, ತಾಯಿ ಹೊಲಕ್ಕೆ ಹೋದ ದಿನ ಮಗಳು ಮನೆಯಲ್ಲಿ. ಹುಡುಗಿಯ ಒಂದು ದಿನದ ಶಾಲೆಗೆ ಆ ಮನೆ ಒಂದು ದಿನದ ಕೂಲಿಯನ್ನು ಬೆಲೆಯಾಗಿ ಕೊಡುತ್ತಿತ್ತು. ಶಾಲೆ ಉಚಿತ ಎಂದು ನಾವು ಹೇಳುತ್ತೇವೆ, ಬಟ್ಟೆ ಉಚಿತ, ಪುಸ್ತಕ ಉಚಿತ, ಊಟ ಉಚಿತ. ಆ ತಾಯಿಯ ಲೆಕ್ಕದಲ್ಲಿ ಅದು ಉಚಿತ ಆಗಿರಲೇ ಇಲ್ಲ.

ಇಲ್ಲಿ ಕಾನೂನು ಬಿಟ್ಟಿರುವ ಖಾಲಿ ಜಾಗವನ್ನೂ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. 3ರಿಂದ 6 ವರ್ಷದವರಿಗೆ ಅಂಗನವಾಡಿ ಇದೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಶುರುವಾದಾಗ ಅದರಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರ, ಅಂದರೆ ಅರ್ಧ ಶತಮಾನದ ಅನುಭವ ನಮಗಿದೆ. ಆದರೆ ಮೂರು ವರ್ಷದೊಳಗಿನ ಕೂಸಿಗೆ ಅಂಗನವಾಡಿಯಿಂದ ಸಿಗುವುದು ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ, ಚುಚ್ಚುಮದ್ದು, ತಿಂಗಳಿಗೊಮ್ಮೆ ತೂಕ. ದಿನವಿಡೀ ಅದನ್ನು ಎತ್ತಿಕೊಳ್ಳುವವರು, ಉಣಿಸುವವರು, ಮಲಗಿಸುವವರು ಯಾರು ಎನ್ನುವುದು ಮನೆಯವರಿಗೇ ಬಿಟ್ಟ ವಿಷಯ. ಮನೆಯವರು ಅಂದರೆ ತಾಯಿ, ತಾಯಿ ಇಲ್ಲದಿದ್ದರೆ ಅಕ್ಕ. ಅಣ್ಣ ಇದ್ದರೂ ಅಕ್ಕನೇ.

ಕೂಸಿನ ಕಡೆಯಿಂದ ನೋಡಿದರೂ ಇದು ಸಣ್ಣ ವಿಷಯ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆ ಎತ್ತರ ಕೈತಪ್ಪುವುದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಎದೆಹಾಲಿನ ಜೊತೆ ಬೇರೆ ಊಟ ಶುರುವಾಗುವ ಹೊತ್ತಿಗೆ ಸರಿಯಾಗಿ ತಾಯಿ ಕೂಲಿಗೆ ವಾಪಸ್ ಹೋಗಿರುತ್ತಾಳೆ. ಹನ್ನೆರಡು ವರ್ಷದ ಹುಡುಗಿ ತಮ್ಮನಿಗೆ ಏನು ಉಣಿಸಬಲ್ಲಳು? ಬಿಸ್ಕೀಟು, ಚಹಾದಲ್ಲಿ ಅದ್ದಿದ ರೊಟ್ಟಿ, ಅಳು ನಿಲ್ಲದಿದ್ದರೆ ಅಂಗಡಿಯ ಕುರ್‌ಕುರೆ. ಅವಳು ಪ್ರೀತಿಯಿಂದಲೇ ಕೊಡುತ್ತಿದ್ದಳು. ಆಗಸ್ಟಿನ ತೂಕದಲ್ಲಿ ಕೂಸು ಅಂಗನವಾಡಿಯ ಬೆಳವಣಿಗೆ ಚಾರ್ಟಿನ ಹಳದಿ ಪಟ್ಟಿಗೆ, ಅಂದರೆ ತೂಕ ಕಡಿಮೆ ಇರುವ ಮಕ್ಕಳ ಸಾಲಿಗೆ, ಇಳಿದಿತ್ತು.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಆ ಪಂಚಾಯಿತಿಯಲ್ಲಿ ಕೂಸಿನ ಮನೆ ಇತ್ತು! 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತ್ತು, ಅದೇ ಕೂಸಿನ ಮನೆ. ನಡೆಸುವುದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ. ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುವವರು ಅದೇ ಊರಿನ, ನರೇಗಾ (ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ) ಜಾಬ್ ಕಾರ್ಡ್ ಇರುವ ಹೆಣ್ಣುಮಕ್ಕಳು. ಅವರನ್ನು ಕೇರ್ ಟೇಕರ್ ಎಂದು ಕರೆಯುತ್ತಾರೆ, ಅವರಿಗೆ ತರಬೇತಿ ಕೊಟ್ಟು ನರೇಗಾದ ದಿನಗೂಲಿಯನ್ನೇ ಕೊಡುತ್ತಾರೆ. ನರೇಗಾ ನಿಯಮದಲ್ಲಿ ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಬೇಕು ಎಂದು ಮೊದಲಿನಿಂದ ಇತ್ತು, ಆದರೆ ಸುಡುವ ಬಿಸಿಲಿನಲ್ಲಿ ಕೆರೆಯಂಗಳದಲ್ಲಿ ಮಕ್ಕಳನ್ನು ಕೂರಿಸುವುದು ಆಗದ ಮಾತು. ಅದನ್ನೇ ಒಂದು ಸೂರಿನ ಕೆಳಗೆ ತಂದದ್ದು ಕೂಸಿನ ಮನೆ. ನನ್ನ ಮಟ್ಟಿಗೆ ಇದು ಈ ರಾಜ್ಯ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಅದಕ್ಕೇ ಅದರ ಕುಂದುಗಳನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತದೆ.

ಆ ಊರಿನ ಕೂಸಿನ ಮನೆ 2024ರ ಬೇಸಿಗೆಯಲ್ಲಿ ಚೆನ್ನಾಗಿ ನಡೆದಿತ್ತು. ಕೆರೆ ಹೂಳು ತೆಗೆಯುವ ಕೆಲಸ, ಬದು ನಿರ್ಮಾಣ ಜೋರಾಗಿತ್ತು, ಆ ವರ್ಷ ಕೂಲಿ ದಿನಕ್ಕೆ 349 ರೂಪಾಯಿ. ಹತ್ತಕ್ಕಿಂತ ಜಾಸ್ತಿ ಕೂಸುಗಳು ಬರುತ್ತಿದ್ದವು. ಜೂನ್‌ನಲ್ಲಿ ಮಳೆ ಬಿತ್ತು, ನರೇಗಾ ಕೆಲಸ ನಿಂತಿತು, ಕೂಸಿನ ಮನೆಗೆ ಬೀಗ ಬಿತ್ತು. ಪಂಚಾಯಿತಿಯವರ ವಾದ ಸರಳ: ನರೇಗಾ ಕೆಲಸವೇ ಇಲ್ಲ, ಕೂಸಿನ ಮನೆ ಯಾಕೆ?

ಆದರೆ ಒಣಬೇಸಾಯದ ಊರಿನ ಕ್ಯಾಲೆಂಡರ್ ಒಮ್ಮೆ ಬಿಡಿಸಿ ನೋಡಿ. ನರೇಗಾ ಜೋರಾಗಿರುವುದು ಮಾರ್ಚ್‌ನಿಂದ ಮೇ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ, ದೊಡ್ಡ ಮಕ್ಕಳು ಮನೆಯಲ್ಲೇ ಇರುತ್ತಾರೆ. ಶಾಲೆ ಶುರುವಾದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಹೆಸರು, ಸಜ್ಜೆ, ಮೆಕ್ಕೆಜೋಳದ ಹೊಲದಲ್ಲಿ ಕಳೆ. ಆಮೇಲೆ ರಾಶಿ. ಮತ್ತೆ ಜನವರಿ, ಫೆಬ್ರವರಿಯಲ್ಲಿ ಹಿಂಗಾರಿನ ಕಡಲೆ ಕೀಳುವುದು, ಜೋಳ ಕೊಯ್ಯುವುದು. ಅಕ್ಕಂದಿರು ಶಾಲೆ ತಪ್ಪಿಸುವುದು ಈ ತಿಂಗಳುಗಳಲ್ಲಿ, ನರೇಗಾದ ಬೇಸಿಗೆಯಲ್ಲಿ ಅಲ್ಲ. ಅಂದರೆ ಕೂಸಿನ ಮನೆಯನ್ನು ನರೇಗಾ ಕೆಲಸದ ದಿನಗಳಿಗೆ ಕಟ್ಟಿಹಾಕಿದರೆ, ಹುಡುಗಿಯ ಓದಿಗೆ ಅದು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದಕ್ಕೆ ಬೀಗ ಇರುತ್ತದೆ. ನಾವು ಶಾಲೆಯ ಹಾಜರಿ ಪುಸ್ತಕ ಮತ್ತು ಕೂಸಿನ ಮನೆಯ ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇದು ಎದ್ದು ಕಂಡಿತು. ಈ ಎರಡು ಪುಸ್ತಕ ಬೇರೆ ಬೇರೆ ಇಲಾಖೆಯವು, ಅವನ್ನು ಒಟ್ಟಿಗೆ ನೋಡುವ ಕೆಲಸ ಯಾರದ್ದೂ ಅಲ್ಲ.

ಬೀಗಕ್ಕೆ ಇನ್ನೊಂದು ಕಾರಣವೂ ಇತ್ತು. ಮೊದಲ ತಂಡದ ಕೇರ್ ಟೇಕರ್‌ಗಳ ದಿನ ಮುಗಿದಿತ್ತು. ನರೇಗಾದಲ್ಲಿ ಆಗ ಒಂದು ಆರ್ಥಿಕ ವರ್ಷಕ್ಕೆ 100 ದಿನ ಇತ್ತು, ಅದೂ ಒಬ್ಬ ವ್ಯಕ್ತಿಗಲ್ಲ, ಇಡೀ ಕುಟುಂಬಕ್ಕೆ. ಕೇರ್ ಟೇಕರ್ ಆದವಳ ಗಂಡ ಅದೇ ಕಾರ್ಡಿನಲ್ಲಿ ಬೇಸಿಗೆಯಲ್ಲಿ 50 ದಿನ ಹೂಳು ತೆಗೆದರೆ ಇವಳಿಗೆ ಉಳಿಯುವುದು 50 ದಿನ. ಅದಕ್ಕೇ ಒಂದು ಕೇಂದ್ರಕ್ಕೆ ಎಂಟು ಹತ್ತು ಮಂದಿಗೆ ತರಬೇತಿ ಕೊಟ್ಟು ಸರದಿಯಲ್ಲಿ ಇಡುವುದು. ಲೆಕ್ಕದ ಪುಸ್ತಕದಲ್ಲಿ ಇದು ಸರಿ ಕಾಣುತ್ತದೆ. ಕೂಸಿಗೆ ಸರಿ ಅಲ್ಲ. ಒಂದೂವರೆ ವರ್ಷದ ಕೂಸಿಗೆ ಆರೈಕೆ ಅಂದರೆ ಒಂದು ಗುರುತಿನ ಮುಖ, ಒಂದು ದನಿ, ಒಂದು ಸೊಂಟ. ಆ ಮುಖಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು, ಹೊಂದಿಕೊಂಡು ನಾಲ್ಕು ದಿನ ಆಗುವಷ್ಟರಲ್ಲಿ ಮುಖ ಬದಲಾದರೆ ಕೂಸು ಮತ್ತೆ ಅಳುತ್ತದೆ, ಉಣ್ಣುವುದಿಲ್ಲ, ತಾಯಿ "ಬ್ಯಾಡ ಬಿಡ್ರಿ" ಎಂದು ಕರೆದುಕೊಂಡು ಹೋಗುತ್ತಾಳೆ. ಆ ಊರಿನಲ್ಲಿ ಮೇ ಕೊನೆಗೆ ಮಕ್ಕಳು ಕಮ್ಮಿಯಾದದ್ದಕ್ಕೆ ಇದೂ ಕಾರಣ ಎಂದು ತಾಯಂದಿರೇ ಹೇಳಿದರು.

ಆಗಸ್ಟಿನಿಂದ ನಾವು ಪಂಚಾಯಿತಿಗೆ ಹೇಳುತ್ತಲೇ ಇದ್ದೆವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೇಳಿಸಿಕೊಳ್ಳುತ್ತಿದ್ದರು, ಆದರೆ ಬಾಗಿಲು ತೆರೆಯಲಿಲ್ಲ. ಬದಲಾದದ್ದು ಮಕ್ಕಳ ಗ್ರಾಮಸಭೆಯಲ್ಲಿ. ನಮ್ಮ ರಾಜ್ಯದಲ್ಲಿ ನವೆಂಬರ್ ಮಕ್ಕಳ ದಿನಾಚರಣೆಯ ಹೊತ್ತಿಗೆ ಶುರುಮಾಡಿ ಪಂಚಾಯಿತಿಗಳು ಮಕ್ಕಳಿಗಾಗಿ ವಿಶೇಷ ಗ್ರಾಮಸಭೆ ನಡೆಸುತ್ತವೆ. ತುಂಬಾ ಕಡೆ ಅದು ಹಾಡು, ಭಾಷಣ, ಬಾಳೆಹಣ್ಣಿನಲ್ಲಿ ಮುಗಿಯುತ್ತದೆ. ಇಲ್ಲಿ ಏಳನೇ ತರಗತಿ ಮೇಷ್ಟ್ರು ಮಕ್ಕಳಿಗೆ ಒಂದು ವಾರ ಮೊದಲೇ ಹೇಳಿ ಅವರವರ ತೊಂದರೆಯನ್ನು ಚೀಟಿಯಲ್ಲಿ ಬರೆಸಿದ್ದರು. ಶೌಚಾಲಯದ ಬಾಗಿಲು, ಶಾಲೆ ಹಿಂದಿನ ಸಾರಾಯಿ ಪ್ಯಾಕೆಟ್ಟುಗಳು, ಬೀದಿ ದೀಪ. ಈ ಹುಡುಗಿಯ ಸರದಿ ಬಂದಾಗ ಅವಳು ಚೀಟಿ ನೋಡದೆ ಹೇಳಿದಳು: "ನನ್ನ ತಮ್ಮನ್ನ ನೋಡಿಕೊಳ್ಳೋರು ಯಾರಾದ್ರೂ ಇದ್ರ ನಾ ದಿನಾ ಸಾಲಿಗಿ ಬರ್ತೀನ್ರಿ. ಕೂಸಿನ ಮನಿ ಯಾಕ ಬಂದ್ ಮಾಡೀರಿ?" ಅವಳ ಹಿಂದೆ ಇನ್ನೂ ಐದಾರು ಹುಡುಗಿಯರು ಎದ್ದು ನಿಂತರು. ಎಲ್ಲರ ಮನೆಯಲ್ಲೂ ಒಂದೊಂದು ಕೂಸು. ಅಧ್ಯಕ್ಷರು ಹೆಣ್ಣುಮಗಳು, ಅವರೂ ಚಿಕ್ಕವರಿದ್ದಾಗ ತಂಗಿಯನ್ನು ಎತ್ತಿಕೊಂಡೇ ಶಾಲೆ ಬಿಟ್ಟವರಂತೆ. ಅವರು ಅಲ್ಲೇ ನಡಾವಳಿಯಲ್ಲಿ ಬರೆಸಿದರು.

ಡಿಸೆಂಬರ್ ಮೊದಲ ವಾರ ಕೂಸಿನ ಮನೆ ಮತ್ತೆ ತೆರೆಯಿತು. ಈ ಸಲ ಕೆಲವು ಬದಲಾವಣೆ ಮಾಡಿಕೊಂಡರು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಯಾರ ಕೂಸು ಬರಬಹುದು ಎನ್ನುವುದು. ತಾಯಿ ಆ ದಿನ ನರೇಗಾ ಕೆಲಸದಲ್ಲೇ ಇರಬೇಕು ಎನ್ನುವ ಪಟ್ಟು ಬಿಟ್ಟರು. ಊರಿನ ಬಹುಪಾಲು ಮನೆಗೆ ಜಾಬ್ ಕಾರ್ಡ್ ಇದ್ದೇ ಇದೆ, ಹೊಲದ ಕೂಲಿಗೆ ಹೋದರೂ ಕೂಸು ಬರಲಿ ಎಂದರು. ವೇಳೆಯನ್ನೂ ಬದಲಿಸಿದರು. ಮೊದಲು ಹತ್ತು ಗಂಟೆಗೆ ತೆರೆಯುತ್ತಿದ್ದರು, ಹೊಲದ ಕೂಲಿಯ ಟ್ರ್ಯಾಕ್ಸ್ ಗಾಡಿ ಎಂಟಕ್ಕೇ ಹೊರಡುತ್ತದೆ. ಈಗ ಒಬ್ಬರು ಏಳೂಮುಕ್ಕಾಲಿಗೆ ಬಂದು ಬಾಗಿಲು ತೆಗೆಯುತ್ತಾರೆ, ಇನ್ನೊಬ್ಬರು ಹತ್ತಕ್ಕೆ ಬಂದು ಸಂಜೆ ಆರರವರೆಗೆ ಇರುತ್ತಾರೆ. ಸರದಿ ವಿಷಯದಲ್ಲಿ ಮಾಡಿದ್ದು ಇನ್ನೂ ಮುಖ್ಯ. ಗಂಡ ಗುಳೆ ಹೋದ ಮನೆಯವರು, ಗಂಡ ಇಲ್ಲದವರು, ಅಂದರೆ ಕಾರ್ಡಿನ ದಿನಗಳನ್ನು ಬೇರೆ ಯಾರೂ ಬಳಸದ ಮನೆಯ ಹೆಣ್ಣುಮಕ್ಕಳನ್ನು ಆರಿಸಿದರು, ಅವರಿಗೆ ಪೂರ್ತಿ 100 ದಿನ ಸಿಗುತ್ತಿತ್ತು. ಇಬ್ಬರೂ ಒಟ್ಟಿಗೆ ಬದಲಾಗಬಾರದು ಎಂದು ಇಟ್ಟುಕೊಂಡರು. ಒಬ್ಬರು ಹೋದರೆ ಇನ್ನೊಬ್ಬರು ಇರುತ್ತಾರೆ, ಕೂಸಿಗೆ ಒಂದು ಗುರುತಿನ ಮುಖವಾದರೂ ಉಳಿಯುತ್ತದೆ.

ಜಾತಿಯ ವಿಷಯವನ್ನು ಹೇಳದೆ ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಕೇರ್ ಟೇಕರ್‌ಗಳಲ್ಲಿ ಒಬ್ಬರು ದಲಿತ ಕೇರಿಯವರು. ಅವರು ಮಾಡಿದ ಕಿಚಡಿಯನ್ನು ನಮ್ಮ ಕೂಸು ತಿನ್ನಬಾರದು ಎಂದು ಎರಡು ಮನೆಯವರು ಬೇರೆ ಡಬ್ಬಿ ಕಳಿಸಿದರು. ಬೇರೆ ಡಬ್ಬಿ ತಂದರೆ ಕೂಸನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಅಧ್ಯಕ್ಷರು ನೇರವಾಗಿ ಹೇಳಿದರು, ತಮ್ಮ ಮೊಮ್ಮಗುವನ್ನು ತಂದು ಅಲ್ಲಿಯೇ ಬಿಟ್ಟರು. ಒಂದು ಮನೆಯವರು ಸುಮ್ಮನಾದರು. ಇನ್ನೊಂದು ಮನೆಯವರು ಕೂಸನ್ನು ಕರೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಆ ಅಡುಗೆ ಮಾಡಿದ ಅಕ್ಕ ಎಷ್ಟು ನೊಂದರು ಎಂದು ನಾನು ಕಂಡಿದ್ದೇನೆ. ಆದರೂ ಮರುದಿನ ಬಂದರು.

ನಮ್ಮ ಕೂಸಿನ ವಿಷಯಕ್ಕೆ ಬರೋಣ. ಮೊದಲ ವಾರ ಪೂರಾ ಅತ್ತಿತು. ತಾಯಿಯ ಹಳೆಯ ಸೀರೆಯಲ್ಲಿ ಜೋಳಿಗೆ ಕಟ್ಟಿದ ಮೇಲೆ ಮಧ್ಯಾಹ್ನ ಮಲಗಲು ಶುರುಮಾಡಿತು, ಸೀರೆಯಲ್ಲಿ ತಾಯಿಯ ವಾಸನೆ ಇರುತ್ತದಲ್ಲ. ಬೆಳಿಗ್ಗೆ ಗಂಜಿ, ನಡುವೆ ಬಾಳೆಹಣ್ಣು ಇಲ್ಲವೇ ಶೇಂಗಾ ಉಂಡೆಯನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿದ್ದು, ಮಧ್ಯಾಹ್ನ ಸೊಪ್ಪು ಬೇಳೆಯ ಕಿಚಡಿ, ಆಗಾಗ ಮೊಟ್ಟೆ. ಆಟಕ್ಕೆ ದೊಡ್ಡ ಸಾಮಾನು ಏನೂ ಇಲ್ಲ. ಖಾಲಿ ಡಬ್ಬಿ, ಜೋಳದ ದಂಟಿನ ಗಾಡಿ, ಬಟ್ಟೆ ಗೊಂಬೆ, ಮತ್ತೆ ದಿನವಿಡೀ ಮಾತಾಡಿಸುವ ಇಬ್ಬರು ಹೆಂಗಸರು. ಡಿಸೆಂಬರ್‌ನಲ್ಲಿ "ಅವ್ವ" ಬಿಟ್ಟು ಬೇರೆ ಮಾತಿರಲಿಲ್ಲ, ಫೆಬ್ರವರಿಯಲ್ಲಿ ಕೋಳಿ, ನಾಯಿ, ಬಸ್ಸು ಎಲ್ಲವನ್ನೂ ಕೂಗಿ ಕರೆಯುತ್ತಿತ್ತು. ಅಂಗನವಾಡಿ ಟೀಚರ್ ತಿಂಗಳಿಗೊಮ್ಮೆ ಅಲ್ಲಿಗೇ ಬಂದು ತೂಕ ನೋಡುತ್ತಾರೆ. ಮಾರ್ಚ್‌ನಲ್ಲಿ ತೂಕ ಹಸಿರು ಪಟ್ಟಿಯ ಅಂಚಿಗೆ ಬಂತು.

ಇನ್ನು ಸಂಜೆಯ ಸಮಸ್ಯೆ. ಅಂಗನವಾಡಿ ನಾಲ್ಕಕ್ಕೆ ಬಿಡುತ್ತದೆ, ಶಾಲೆ ನಾಲ್ಕೂವರೆಗೆ, ತಾಯಿ ಬರುವುದು ಆರಕ್ಕೆ. ಈ ಎರಡು ಗಂಟೆ ನಾಲ್ಕು ವರ್ಷದವನು ಎಲ್ಲಿರಬೇಕು, ಹನ್ನೆರಡು ವರ್ಷದವಳು ಏನು ಮಾಡಬೇಕು? ಇಲ್ಲಿ ನೆರವಾದದ್ದು ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರ್ 14ರಿಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾ ಬಂದಿದ್ದಾರೆ. ಐಎಎಸ್ ಅಧಿಕಾರಿ ಉಮಾ ಮಹಾದೇವನ್ ಅವರು ಈ ಇಲಾಖೆಯಲ್ಲಿದ್ದು ಗ್ರಂಥಾಲಯಗಳ ಬೆನ್ನಿಗೆ ನಿಂತದ್ದು, ಕೂಸಿನ ಮನೆಗೂ ಅಷ್ಟೇ ಒತ್ತು ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಈ ಊರಿನಲ್ಲಿ ಅರಿವು ಕೇಂದ್ರ ಕೂಸಿನ ಮನೆಯ ಪಕ್ಕದ ಗೋಡೆಗೇ ಇದೆ. ಅಂಗನವಾಡಿ ಸಹಾಯಕಿ ಹುಡುಗನನ್ನು ಅಕ್ಕ ಬರುವವರೆಗೆ ಕೂರಿಸಿಕೊಳ್ಳುತ್ತಾರೆ, ಅಕ್ಕ ಅವನನ್ನು ಕರೆದುಕೊಂಡು ಅರಿವು ಕೇಂದ್ರಕ್ಕೆ ಬರುತ್ತಾಳೆ. ಅಲ್ಲಿ ಮೇಲ್ವಿಚಾರಕರು ಸಂಜೆ ಹೊತ್ತು ಕೇರಂ ಬೋರ್ಡು, ಚೆಸ್ಸು ಬಿಚ್ಚಿಡುತ್ತಾರೆ, ಇರುವ ಒಂದೇ ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸುತ್ತಾರೆ. ಹುಡುಗಿ ಮೊದಲು ತಮ್ಮನಿಗೆ ಚಿತ್ರದ ಪುಸ್ತಕ ತೋರಿಸಿ ಕೂರಿಸುತ್ತಾಳೆ, ಆಮೇಲೆ ತನ್ನ ಹೋಂವರ್ಕ್. ಆರಕ್ಕೆ ತಾಯಿ ಬಂದು ಒಂದೇ ಆವರಣದಿಂದ ಮೂವರನ್ನೂ ಕರೆದುಕೊಂಡು ಹೋಗುತ್ತಾರೆ. ಹೊಸ ಯೋಜನೆ ಒಂದೂ ಬರಲಿಲ್ಲ ನೋಡಿ. ಇದ್ದದ್ದನ್ನೇ ಒಬ್ಬ ತಾಯಿಯ ದಿನಚರಿಗೆ ಹೊಂದಿಸಿದರು.

ಫಲ ಏನಾಯಿತು? ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹುಡುಗಿ ಜ್ವರ ಬಂದ ದಿನ, ಜಾತ್ರೆಯ ದಿನ ಬಿಟ್ಟರೆ ಶಾಲೆ ತಪ್ಪಿಸಲಿಲ್ಲ. ಕಡಲೆ ಕೀಳುವ ಹೊತ್ತಿನಲ್ಲೂ ಬಂದಳು. ಅದು ನಮಗೆ ನಿಜವಾದ ಪರೀಕ್ಷೆಯಾಗಿತ್ತು. ತಾಯಿಯ ಕೂಲಿ ದಿನಗಳು ಹೆಚ್ಚಾದವು, ಅತ್ತೆಯನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ಕಣ್ಣಿನ ಪೊರೆ ತೆಗೆಸಿದರು, ಕೂಸು ಬಿಟ್ಟುಹೋಗುವ ಜಾಗ ಇದ್ದದ್ದರಿಂದಲೇ ಅದು ಆಯಿತು.

ಆಗದೆ ಉಳಿದದ್ದೂ ಇದೆ. ಹುಡುಗಿಗೆ ಭಿನ್ನರಾಶಿ ಇನ್ನೂ ಬರುವುದಿಲ್ಲ, ಇಂಗ್ಲಿಷ್ ವಾಕ್ಯ ಓದಲು ತಡವರಿಸುತ್ತಾಳೆ. ತಪ್ಪಿಹೋದ ತಿಂಗಳುಗಳು ಹಾಜರಿ ಸರಿಯಾದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಕೇರ್ ಟೇಕರ್‌ಗಳ ಕೂಲಿ ತಡವಾಗಿ ಬರುತ್ತದೆ, ಫೆಬ್ರವರಿಯದು ಏಪ್ರಿಲ್‌ನಲ್ಲಿ ಬಂತು. ಬೇರೆ ಕೆಲಸಕ್ಕೆ ಹೋದರೆ ವಾರದ ಸಂತೆಗೆ ದುಡ್ಡು ಕೈಗೆ ಸಿಗುತ್ತದೆ, ಇಲ್ಲಿ ಯಾಕೆ ಕೂರಬೇಕು ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರ ಇಲ್ಲ. ಕೂಸು ನೋಡುವ ಕೆಲಸಕ್ಕೆ ಗುದ್ದಲಿ ಕೆಲಸದ ಕೂಲಿ, ಅದೂ ವರ್ಷಕ್ಕೆ 100 ದಿನ ಮಾತ್ರ ಎನ್ನುವ ವ್ಯವಸ್ಥೆಯಲ್ಲಿ ಒಳ್ಳೆಯ ಆರೈಕೆ ಬಹಳ ಕಾಲ ನಿಲ್ಲುವುದಿಲ್ಲ. ವರ್ಷಪೂರ್ತಿ ಇರುವ ಒಬ್ಬರನ್ನಾದರೂ ಪಂಚಾಯಿತಿ ತನ್ನ ಸ್ವಂತ ವರಮಾನದಿಂದ ಇಟ್ಟುಕೊಳ್ಳಬೇಕು, ಅಥವಾ ಸರ್ಕಾರ ಅದಕ್ಕೆಂದೇ ಗೌರವಧನ ಕೊಡಬೇಕು. 2025ರ ಮೇ ತಿಂಗಳ ಪಂಚಾಯಿತಿ ಸಾಮಾನ್ಯ ಸಭೆಗೆ ಇದನ್ನು ಬರೆದು ಕೊಟ್ಟಿದ್ದೆವು.

2025ರ ಜೂನ್‌ನಲ್ಲಿ ಹುಡುಗಿ ಎಂಟನೇ ತರಗತಿಗೆ ಸೇರಬೇಕಿತ್ತು. ಹೈಸ್ಕೂಲು ಪಕ್ಕದ ಊರಿನಲ್ಲಿ, ಬಸ್ಸು ಬೆಳಿಗ್ಗೆ ಎಂಟೂಕಾಲಿಗೆ, ವಾಪಸ್ ಬರುವುದು ಐದೂವರೆಗೆ. ಅಲ್ಲಿಗೆ ನಡುವಿನವನ ಸಂಜೆಯ ಹೊತ್ತು ಮತ್ತೆ ಖಾಲಿ ಬೀಳುತ್ತಿತ್ತು. ಅಂಗನವಾಡಿಯಿಂದ ಬಂದವನನ್ನು ಆರರವರೆಗೆ ಕೂಸಿನ ಮನೆಯಲ್ಲೇ ಕೂರಿಸಿಕೊಳ್ಳಲು ಕೇರ್ ಟೇಕರ್‌ಗಳು ಒಪ್ಪಿದರು, ಆದರೆ ವಯಸ್ಸು ಮೂರು ದಾಟಿದವನನ್ನು ಪುಸ್ತಕದಲ್ಲಿ ಹೇಗೆ ಬರೆಯುವುದು ಎಂದು ಪಿಡಿಒ ಕೇಳಿದರು. ತಾಲ್ಲೂಕು ಪಂಚಾಯಿತಿಗೆ ಪತ್ರ ಹೋಯಿತು.